ಎರಡು ಚುಕ್ಕೆಗಳ ನಡುವಿನ ಕುರಿ

ಪ್ರಾಣಿಗಳ ಚಲನೆಯನ್ನು ಕುರಿತು ಓದುತ್ತಿದ್ದೇನೆ ಎಂದರೆ ಮೈಸೂರಿನಲ್ಲಿ ಯಾರೇ ಆಗಲಿ ಕೇಳುವ ಮೊದಲ ಪ್ರಶ್ನೆ, ಹುಲಿಯೋ ಆನೆಯೋ ಎಂಬುದು. ನಾಗರಹೊಳೆ, ಬಂಡೀಪುರಗಳನ್ನು ಮಗ್ಗುಲಲ್ಲೇ ಇಟ್ಟುಕೊಂಡಿರುವ ಊರಿನಲ್ಲಿ ಈ ಪ್ರಶ್ನೆ ಸಹಜವೇ. ಸಂಖ್ಯಾಶಾಸ್ತ್ರದ ಸ್ನಾತಕೋತ್ತರ ಓದಿನ ಕೊನೆಯ ವರ್ಷದ ಪ್ರಾಜೆಕ್ಟಿಗೆ ನಾನು ಆರಿಸಿಕೊಂಡದ್ದು ಕುರಿಯನ್ನು. ಅದೂ ಮಳವಳ್ಳಿ ಸೀಮೆಯ ಬಂಡೂರು ಕುರಿಯನ್ನು. ಕೇಳಿದವರು ಒಂದು ಗಳಿಗೆ ಸುಮ್ಮನಾಗಿ, ಆಮೇಲೆ ಅದರ ಮಾಂಸದ ರುಚಿಯ ಕಡೆಗೆ ಮಾತು ತಿರುಗಿಸುತ್ತಿದ್ದರು.

ಆಯ್ಕೆಗೆ ಎರಡು ಕಾರಣಗಳಿದ್ದವು. ಕಾಡುಪ್ರಾಣಿಯನ್ನು ಹಿಡಿದು, ಅರಿವಳಿಕೆ ಕೊಟ್ಟು, ಕೊರಳಪಟ್ಟಿ ತೊಡಿಸಬೇಕಾದರೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಅಡಿಯಲ್ಲಿ ಅನುಮತಿ ಬೇಕು, ಪಶುವೈದ್ಯರ ತಂಡ ಬೇಕು, ಹಣವೂ ಬೇಕು. ಒಂದು ವರ್ಷದೊಳಗೆ ಬರೆದು ಮುಗಿಸಬೇಕಾದ ವಿದ್ಯಾರ್ಥಿನಿಗೆ ಇವಾವುವೂ ಒದಗುವಂಥವಲ್ಲ. ಕುರಿಗಾದರೆ ಅದರ ಯಜಮಾನರ ಒಪ್ಪಿಗೆಯೂ, ಕುತ್ತಿಗೆಗೆ ಒತ್ತದಂಥ ಪಟ್ಟಿಯೂ ಸಾಕು. ಎರಡನೆಯ ಕಾರಣವನ್ನು ಸೂಚಿಸಿದವರು ನನ್ನ ಮಾರ್ಗದರ್ಶಕರು. ಹುಲಿಯ ಕೊರಳಪಟ್ಟಿ ಕೊಡುವ ಅಂಕಿಗಳನ್ನು ನೋಡಿ ಅದು ಮಲಗಿತ್ತು, ಬೇಟೆ ತಿನ್ನುತ್ತಿತ್ತು, ಗಡಿ ಸುತ್ತುತ್ತಿತ್ತು ಎಂದು ಊಹಿಸಬಹುದೇ ಹೊರತು ಆ ಊಹೆಯನ್ನು ಕಣ್ಣಾರೆ ಕಂಡು ತಾಳೆ ನೋಡುವ ಅವಕಾಶ ಸಿಗುವುದು ಅಪರೂಪ. ಕುರಿಯನ್ನಾದರೆ ಹತ್ತು ಮಾರು ದೂರದಲ್ಲಿ ಕುಳಿತು ಬೆಳಗಿನಿಂದ ಬೈಗಿನವರೆಗೆ ನೋಡುತ್ತಲೇ ಇರಬಹುದು. ಲೆಕ್ಕ ಏನು ಹೇಳುತ್ತದೆ, ಕಣ್ಣು ಏನು ಹೇಳುತ್ತದೆ ಎಂಬ ಎರಡನ್ನೂ ಒಟ್ಟಿಗೆ ಇಟ್ಟು ನೋಡುವುದಕ್ಕೆ ಇದಕ್ಕಿಂತ ಒಳ್ಳೆಯ ಪ್ರಾಣಿ ನಮ್ಮ ಕಡೆ ಇಲ್ಲ.

ಈ ಶಾಸ್ತ್ರದಲ್ಲಿ ಎಲ್ಲಕ್ಕಿಂತ ದೊಡ್ಡ ನಿರ್ಧಾರವನ್ನು ಏನೂ ಗೊತ್ತಿಲ್ಲದಿರುವಾಗಲೇ ತೆಗೆದುಕೊಳ್ಳಬೇಕಾಗುತ್ತದೆ. ಪ್ರಾಣಿ ಇರುವ ಜಾಗವನ್ನು ಎಷ್ಟು ಹೊತ್ತಿಗೊಮ್ಮೆ ಗುರುತು ಹಾಕಿಕೊಳ್ಳಬೇಕು ಎಂಬುದೇ ಆ ನಿರ್ಧಾರ. ಚಳಿಗಾಲದಲ್ಲಿ ಕರ್ನಾಟಕದ ಕೆರೆಗಳಿಗೆ ಬರುವ ಪಟ್ಟೆತಲೆ ಹೆಬ್ಬಾತುಗಳ ಪೈಕಿ ಕೆಲವಕ್ಕೆ ಮಂಗೋಲಿಯಾದಲ್ಲಿ ಸಂಖ್ಯೆ ಬರೆದ ಪಟ್ಟಿಯನ್ನು ಕೊರಳಿಗೆ ಹಾಕಿರುತ್ತಾರೆ. ದುರ್ಬೀನಿನಲ್ಲಿ ಆ ಸಂಖ್ಯೆಯನ್ನು ಓದಿದವರಿಗೆ ಸಿಗುವುದು ಎರಡು ಚುಕ್ಕೆ ಮಾತ್ರ: ಹಕ್ಕಿ ಅಲ್ಲಿತ್ತು, ಈಗ ಇಲ್ಲಿದೆ. ನಡುವೆ ತಿಂಗಳುಗಳೂ ಹಿಮಾಲಯವೂ ಕಳೆದುಹೋಗಿವೆ. ಅದೇ ಹಕ್ಕಿಯ ದೇಹದೊಳಗೆ ಎತ್ತರವನ್ನೂ ಎದೆಬಡಿತವನ್ನೂ ದಾಖಲಿಸುವ ಉಪಕರಣವಿಟ್ಟು ನಡೆಸಿದ, 2015ರಲ್ಲಿ ಪ್ರಕಟವಾದ ಅಧ್ಯಯನವೊಂದು, ಅವು ಒಮ್ಮೆಲೇ ಮೇಲೇರಿ ಎತ್ತರದಲ್ಲೇ ಹಾರಿಕೊಂಡು ಹೋಗುವುದಿಲ್ಲ, ನೆಲದ ಏರಿಳಿತವನ್ನೇ ಅನುಸರಿಸಿ ಕಣಿವೆ ಬಂದಾಗ ಇಳಿದು ಬೆಟ್ಟ ಬಂದಾಗ ಏರುತ್ತವೆ ಎಂಬುದನ್ನು ತೋರಿಸಿತು. ಗುರುತು ಹಾಕುವ ಅಂತರ ತಿಂಗಳಿದ್ದಾಗ ವಲಸೆ ಎಂಬುದೊಂದೇ ಕಾಣುತ್ತದೆ. ಅಂತರ ಕಿರಿದಾದಾಗ ಹಕ್ಕಿಯ ಜಾಣತನ ಕಾಣುತ್ತದೆ.

ಹಿಂದೆ ಈ ಅಂತರವನ್ನು ತೀರ್ಮಾನಿಸುತ್ತಿದ್ದುದು ಸಂಶೋಧಕನ ಕಾಲಿನ ಬಲ. 1990ರ ಸುಮಾರಿಗೆ ನಾಗರಹೊಳೆಯಲ್ಲಿ ಉಲ್ಲಾಸ ಕಾರಂತರು ಹುಲಿಗಳಿಗೆ ರೇಡಿಯೋ ಕೊರಳಪಟ್ಟಿ ತೊಡಿಸಿದಾಗ, ಆಂಟೆನಾ ಹಿಡಿದು ಒಂದು ಕಡೆಯಿಂದ ದಿಕ್ಕು ನೋಡಿ, ಇನ್ನೊಂದು ಕಡೆಗೆ ಹೋಗಿ ಮತ್ತೆ ದಿಕ್ಕು ನೋಡಿ, ಎರಡು ಗೆರೆ ಕೂಡುವ ಕಡೆ ಪ್ರಾಣಿ ಇದೆಯೆಂದು ತಿಳಿಯುವುದೇ ವಿಧಾನವಾಗಿತ್ತು. ಉಪಗ್ರಹ ಆಧರಿತ ಜಿಪಿಎಸ್‌ನ ಸಂಕೇತವನ್ನು ಅಮೆರಿಕ ನಾಗರಿಕ ಬಳಕೆಗೆ ಬೇಕೆಂತಲೇ ಮಸುಕಾಗಿಸುತ್ತಿದ್ದುದನ್ನು 2000ದ ಮೇ ತಿಂಗಳಲ್ಲಿ ನಿಲ್ಲಿಸಿದ ಮೇಲೆ ಎಲ್ಲವೂ ಬದಲಾಯಿತು. ಈಗ ಅಂತರವನ್ನು ತೀರ್ಮಾನಿಸುವುದು ಬ್ಯಾಟರಿ. ಕ್ಷಣಕ್ಕೊಮ್ಮೆ ಗುರುತು ಹಾಕಿದರೆ ಬ್ಯಾಟರಿ ಬೇಗ ಬರಿದಾಗುತ್ತದೆ; ಗಂಟೆಗೊಮ್ಮೆ ಹಾಕಿದರೆ ತಿಂಗಳುಗಟ್ಟಲೆ ಬಾಳುತ್ತದೆ. ನಾವು ಐದು ನಿಮಿಷಕ್ಕೆ ಒಪ್ಪಿಕೊಂಡೆವು. ಆ ಐದು ನಿಮಿಷದಲ್ಲಿ ಏನೇನು ಅಡಗಿಕೊಳ್ಳಬಹುದು ಎಂಬುದೇ ಮುಂದೆ ನನ್ನ ಇಡೀ ಕೆಲಸವಾಯಿತು.

ಪಟ್ಟಿ ಕಟ್ಟುವುದು ಸುಲಭದ ಕೆಲಸವೆಂದು ಪುಸ್ತಕ ಓದಿದವರಿಗೆ ತೋರುತ್ತದೆ. ಉಪಕರಣದ ತೂಕ ಪ್ರಾಣಿಯ ತೂಕದ ಶೇಕಡಾ 3ರಿಂದ 5ನ್ನು ಮೀರಬಾರದು ಎಂಬ ರೂಢಿಯ ನಿಯಮ ಹಕ್ಕಿಗಳ ವಿಷಯದಲ್ಲಿ ಬಿಗಿಯಾಗಿ ಕಾಡುತ್ತದೆ. 25 ಕಿಲೋ ತೂಗುವ ಕುರಿಗೆ ಶೇಕಡಾ 3 ಎಂದರೇ 750 ಗ್ರಾಂ, ಪಟ್ಟಿಗೆ ಜೋಡಿಸಿದ ನಮ್ಮ ಜಿಪಿಎಸ್ ಪೆಟ್ಟಿಗೆ ಅದರ ಹತ್ತಿರಕ್ಕೂ ಬರುವುದಿಲ್ಲ. ಕಷ್ಟವಿದ್ದದ್ದು ಬೇರೆ ಕಡೆ. ಬಂಡೂರು ಕುರಿ ಗಿಡ್ಡ, ಮೈ ತುಂಬಿಕೊಂಡ ತಳಿ, ಕುತ್ತಿಗೆಯೂ ಮೋಟು. ಪಟ್ಟಿ ಸಡಿಲವಿದ್ದರೆ ಪೆಟ್ಟಿಗೆ ಕೆಳಕ್ಕೆ ಜಾರಿ ಆಂಟೆನಾ ನೆಲದ ಕಡೆ ಮುಖ ಮಾಡುತ್ತದೆ, ಆಗ ಉಪಗ್ರಹಗಳು ಅದಕ್ಕೆ ಕಾಣವು. ಆಂಟೆನಾವನ್ನು ಹೆಕ್ಕತ್ತಿನ ಮೇಲೆ ಕೂರಿಸಿ, ಬ್ಯಾಟರಿಯ ಭಾರವನ್ನು ಗಂಟಲ ಕೆಳಗೆ ತೂಗಬಿಟ್ಟರೆ ಪಟ್ಟಿ ತಾನಾಗಿಯೇ ನೆಟ್ಟಗೆ ನಿಲ್ಲುತ್ತದೆ. ಕುರಿಗಳ ಯಜಮಾನರು ಎರಡು ಬೆರಳು ತೂರಿಸಿ ನೋಡಿ, ಇಷ್ಟು ಸಂದು ಸಾಕು ಎಂದರು. ಮೇವು ಚೆನ್ನಾಗಿ ಸಿಕ್ಕ ತಿಂಗಳಲ್ಲಿ ಕುತ್ತಿಗೆ ದಪ್ಪವಾಗುವುದರಿಂದ ವಾರಕ್ಕೊಮ್ಮೆ ಅದನ್ನು ಮತ್ತೆ ನೋಡಬೇಕು ಎಂದು ಸೇರಿಸಿದವರೂ ಅವರೇ.

ಕುರಿಗೆ ಕಟ್ಟುವ ಮೊದಲು ಎಲ್ಲ ಪೆಟ್ಟಿಗೆಗಳನ್ನೂ ಒಂದು ರಾತ್ರಿ ತಾರಸಿಯ ಮೇಲೂ, ಇನ್ನೊಂದು ರಾತ್ರಿ ತೆಂಗಿನ ತೋಟದ ಒಂದು ಕಲ್ಲಿನ ಮೇಲೂ ಕದಲಿಸದೆ ಇಟ್ಟೆವು. ಬಯಲಿನಲ್ಲಿ ಸಾಮಾನ್ಯ ಜಿಪಿಎಸ್ ಕೆಲವು ಮೀಟರುಗಳಷ್ಟು ಆಚೀಚೆ ತೋರಿಸುವುದು ವಾಡಿಕೆ. ಗರಿಗಳ ಕೆಳಗೆ ಆ ತಪ್ಪು ಇನ್ನಷ್ಟು ಹರಡಿಕೊಂಡಿತು. ಅಲುಗದ ಪೆಟ್ಟಿಗೆಯ ಚುಕ್ಕೆಗಳನ್ನು ಗೆರೆಯಿಂದ ಕೂಡಿಸಿದಾಗ ತೆರೆಯ ಮೇಲೆ ಮೂಡಿದ್ದು ದಾರದ ಗೋಜಲಿನಂಥ ಒಂದು ಚಿತ್ರ. ಈ ಗೋಜಲು ಹುಡುಗಾಟದ್ದಲ್ಲ. ಒಂದೇ ಕಡೆ ಮಲಗಿರುವ ಕುರಿಯನ್ನು ನಿಮಿಷಕ್ಕೊಮ್ಮೆ ಗುರುತಿಸಿದಾಗ ಒಂದೊಂದು ಸಲವೂ ಬರಿಯ ತಪ್ಪಿನಿಂದಲೇ 3 ಮೀಟರ್ ಸರಿದಂತೆ ಕಂಡಿತೆಂದು ಇಟ್ಟುಕೊಳ್ಳಿ: ಗಂಟೆಗೆ 180 ಮೀಟರ್, ಹನ್ನೆರಡು ಗಂಟೆಯ ರಾತ್ರಿಗೆ 2 ಕಿಲೋಮೀಟರಿಗೂ ಹೆಚ್ಚು. ಕೊಟ್ಟಿಗೆಯಲ್ಲಿ ಮೆಲುಕು ಹಾಕುತ್ತ ಬಿದ್ದಿರುವ ಕುರಿ ಲೆಕ್ಕದ ಪ್ರಕಾರ ಪಕ್ಕದ ಊರಿಗೆ ಹೋಗಿ ಬಂದಿರುತ್ತದೆ. ಗುರುತು ಹಾಕುವ ಅಂತರ ಕಿರಿದಾದಷ್ಟೂ ಒಳ್ಳೆಯದು ಎಂಬ ನಂಬಿಕೆಯನ್ನು ಈ ಒಂದು ಗುಣಾಕಾರವೇ ಅಲ್ಲಾಡಿಸಿಬಿಡುತ್ತದೆ. ಅಂತರ ದೊಡ್ಡದಾದರೆ ಕುರಿಯ ಅಂಕುಡೊಂಕುಗಳೆಲ್ಲ ಒಂದು ನೇರ ಗೆರೆಯಲ್ಲಿ ಮುಚ್ಚಿಹೋಗಿ ನಡೆದ ದೂರ ಕಡಿಮೆಯಾಗಿ ಕಾಣುತ್ತದೆ, ಚಿಕ್ಕದಾದರೆ ನಡೆಯದ ದೂರವೂ ಲೆಕ್ಕಕ್ಕೆ ಸೇರುತ್ತದೆ. ಇವೆರಡರ ನಡುವೆ ಎಲ್ಲೋ ಒಂದು ಕಡೆ ನಿಲ್ಲಬೇಕು.

ಅಂಕಿಗಳು ಕೈಗೆ ಬಂದ ಮೇಲಿನ ಸಣ್ಣಪುಟ್ಟ ಶುದ್ಧೀಕರಣದ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಉಪಕರಣದ ಗಡಿಯಾರ ಅಂತರರಾಷ್ಟ್ರೀಯ ಸಮಯದಲ್ಲಿ ಓಡುವುದರಿಂದ ಎಲ್ಲಕ್ಕೂ ಐದೂವರೆ ಗಂಟೆ ಕೂಡಿಸಬೇಕು, ಇಲ್ಲವಾದರೆ ಕುರಿಗಳು ನಡುರಾತ್ರಿಯಲ್ಲಿ ಮೇಯಲು ಹೊರಟಂತೆ ಕಾಣುತ್ತವೆ. ಅಕ್ಷಾಂಶ ರೇಖಾಂಶಗಳನ್ನು ಮೀಟರಿನ ಲೆಕ್ಕಕ್ಕೆ ತರಬೇಕು. ಭೂಮಿಯನ್ನು ವಲಯಗಳಾಗಿ ವಿಂಗಡಿಸಿ ಮೀಟರಿನಲ್ಲಿ ಅಳೆಯುವ ಯುಟಿಎಂ ಪದ್ಧತಿಯಲ್ಲಿ ಮಂಡ್ಯ ಜಿಲ್ಲೆ ಬೀಳುವುದು 43ನೆಯ ವಲಯದಲ್ಲಿ. ಒಂದು ಕುರಿ ಐದು ನಿಮಿಷದಲ್ಲಿ ಹತ್ತು ಕಿಲೋಮೀಟರ್ ಹೋಗಿ ಮರಳಿದಂತೆ ತೋರಿಸುವ ಚುಕ್ಕೆಗಳನ್ನು ತೆಗೆದುಹಾಕಬೇಕು. ಇದೆಲ್ಲ ಬೇಸರದ ಕೆಲಸ. ಮಾಡಿದರೆ ಯಾರೂ ಹೊಗಳುವುದಿಲ್ಲ, ಬಿಟ್ಟರೆ ಮುಂದಿನದು ಯಾವುದೂ ನಿಲ್ಲುವುದಿಲ್ಲ.

ಚಲನೆಗೆ ಗಣಿತದ ಮಾದರಿ ಕಟ್ಟುವ ಕೆಲಸ ಶುರುವಾಗುವುದು ಒಂದು ವಿಚಿತ್ರವಾದ ಕಲ್ಪನೆಯಿಂದ: ಪ್ರಾಣಿಗೆ ಬುದ್ಧಿಯೇ ಇಲ್ಲ, ಪ್ರತಿ ಹೆಜ್ಜೆಯಲ್ಲೂ ಅದು ಮನಸ್ಸಿಗೆ ಬಂದ ದಿಕ್ಕಿಗೆ ತಿರುಗುತ್ತದೆ ಎಂದು ಇಟ್ಟುಕೊಳ್ಳುವುದು. ಇದನ್ನು ಯಾದೃಚ್ಛಿಕ ನಡಿಗೆ ಎನ್ನುತ್ತಾರೆ. 1905ರಲ್ಲಿ ಸಂಖ್ಯಾಶಾಸ್ತ್ರಜ್ಞ ಕಾರ್ಲ್ ಪಿಯರ್ಸನ್ ಈ ಸಮಸ್ಯೆಯನ್ನು ಒಂದು ಪುಟ್ಟ ಪತ್ರದಲ್ಲಿ ವಿದ್ವಾಂಸರ ಮುಂದಿಟ್ಟ. ಅದರ ಹಿಂದೆ ಇದ್ದದ್ದು ಸೊಳ್ಳೆಗಳ ಪ್ರಶ್ನೆ ಎಂಬುದು ನಮ್ಮಂಥ ನೀರಾವರಿ ಜಿಲ್ಲೆಯವರಿಗೆ ಸೊಗಸೆನಿಸಬೇಕು. ಮಲೇರಿಯಾ ಹರಡುವುದು ಸೊಳ್ಳೆಯಿಂದ ಎಂಬುದಕ್ಕೆ 1897ರಲ್ಲಿ ಸಿಕಂದರಾಬಾದಿನಲ್ಲಿ ಆಧಾರ ಕಂಡುಕೊಂಡ ರೊನಾಲ್ಡ್ ರಾಸ್, ಒಂದು ಪ್ರದೇಶದಲ್ಲಿ ಸೊಳ್ಳೆಯ ತಾಣಗಳನ್ನು ನಾಶಮಾಡಿದರೆ ಹೊರಗಿನ ಸೊಳ್ಳೆಗಳು ಎಷ್ಟು ಒಳಕ್ಕೆ ಬರಬಲ್ಲವು ಎಂದು ತಿಳಿಯಬಯಸಿದ್ದ. ಉತ್ತರದ ತಿರುಳು ಇಷ್ಟು: ದಿಕ್ಕಿಲ್ಲದೆ ಅಲೆಯುವ ಜೀವಿ ಹೊರಟ ಜಾಗದಿಂದ ದೂರವಾಗುವುದು ಹೆಜ್ಜೆಗಳ ಸಂಖ್ಯೆಗೆ ಸಮನಾಗಿ ಅಲ್ಲ, ಅದರ ವರ್ಗಮೂಲಕ್ಕೆ ಸಮನಾಗಿ. ಒಂದು ಮೀಟರಿನ ನೂರು ಹೆಜ್ಜೆ ಇಟ್ಟವನು ಸುಮಾರಾಗಿ ಹತ್ತು ಮೀಟರಿನಷ್ಟೇ ದೂರ ಹೋಗಿರುತ್ತಾನೆ.

ಕುರಿ ಹೀಗೆ ನಡೆಯುವುದಿಲ್ಲ ಎಂದು ತಿಳಿಯಲು ಗಣಿತ ಬೇಡ. ಯಾವ ಪ್ರಾಣಿಯೂ ಹೀಗೆ ನಡೆಯುವುದಿಲ್ಲ. ಆದರೂ ಈ ಬುದ್ಧಿಹೀನ ಕುರಿ ಬಹಳ ಉಪಯುಕ್ತ. ನಿಜವಾದ ಕುರಿ ಅದಕ್ಕಿಂತ ಎಷ್ಟು ಬೇರೆ ಎಂದು ಅಳೆಯುವುದಕ್ಕೆ ಅದೇ ಅಳತೆಗೋಲು. ಪ್ರಾಣಿಗೆ ಮುಂದೆ ತಲೆ, ಹಿಂದೆ ಬಾಲ ಇರುವುದರಿಂದ ಅದು ಹೋಗುತ್ತಿದ್ದ ದಿಕ್ಕಿಗೇ ಮುಂದುವರಿಯುವ ಸಂಭವ ಹೆಚ್ಚು. ಈ ಒಂದು ಅಂಶವನ್ನು ಸೇರಿಸಿದರೆ ಸಹಸಂಬಂಧಿತ ನಡಿಗೆಯ ಮಾದರಿ ಸಿಗುತ್ತದೆ. ಕೀಟಗಳ ಚಲನೆಗೆ ಇದನ್ನು ಹೊಂದಿಸಿ ಕರೀವಾ ಮತ್ತು ಶಿಗೆಸಾದ ಎಂಬ ಇಬ್ಬರು 1983ರಲ್ಲಿ ಬರೆದ ಪ್ರಬಂಧವನ್ನು ಈ ಕ್ಷೇತ್ರದವರು ಈಗಲೂ ಓದುತ್ತಾರೆ. ಬೇಕಾದದ್ದು ಎರಡೇ ಅಳತೆ: ಒಂದು ಚುಕ್ಕೆಯಿಂದ ಮುಂದಿನ ಚುಕ್ಕೆಗೆ ಇರುವ ದೂರ, ಮತ್ತು ಅಲ್ಲಿಂದ ಮುಂದಕ್ಕೆ ಹೋಗುವಾಗ ತಿರುಗಿದ ಕೋನ.

ಆ ಕೋನಗಳ ಚಿತ್ರವನ್ನು ಮೊದಲ ಬಾರಿಗೆ ಬಿಡಿಸಿದಾಗ ಒಂದು ವಿಲಕ್ಷಣ ಸಂಗತಿ ಕಂಡಿತು. ನೇರವಾಗಿ ಮುಂದೆ ಹೋಗುವ, ಎಂದರೆ ಸೊನ್ನೆ ಡಿಗ್ರಿಯ ಹತ್ತಿರದ ಕೋನಗಳು ಹೆಚ್ಚಾಗಿರುವುದು ನಿರೀಕ್ಷಿತವೇ. ಆದರೆ 180 ಡಿಗ್ರಿಯ ಹತ್ತಿರವೂ ಒಂದು ದಿಬ್ಬ ಎದ್ದು ನಿಂತಿತ್ತು. ಕುರಿಗಳು ಪದೇ ಪದೇ ಬಂದ ದಾರಿಗೇ ಮುಖ ತಿರುಗಿಸುತ್ತಿವೆ ಎಂದು ಅದರ ಅರ್ಥ. ಮಂದೆಯ ಪಕ್ಕದಲ್ಲಿ ಕುಳಿತು ಕಂಡದ್ದನ್ನು ಬರೆದಿಟ್ಟಿದ್ದ ನೋಟ್‌ಬುಕ್ ತೆಗೆದು ನೋಡಿದರೆ ಆ ಹೊತ್ತುಗಳಲ್ಲೆಲ್ಲ ಮಂದೆ ಹೊಂಗೆಯ ನೆರಳಿನಲ್ಲಿ ಮಲಗಿತ್ತು. ಮಲಗಿರುವ ಕುರಿಯ ಚುಕ್ಕೆ ತಪ್ಪಿನಿಂದ ಒಂದು ಕಡೆ ಸರಿದರೆ ಮುಂದಿನ ಚುಕ್ಕೆ ಬಹುಪಾಲು ಮತ್ತೆ ಮೂಲ ಜಾಗದ ಕಡೆಗೇ ಬರುತ್ತದೆ. ಹೋಗಿ ಬಂದಂತೆ ಕಾಣುವುದು ಅದರಿಂದ. ಆ ದಿಬ್ಬ ಕುರಿಯ ಸ್ವಭಾವವಲ್ಲ, ತಾರಸಿಯ ಮೇಲೆ ಕಂಡಿದ್ದ ಅದೇ ಗೋಜಲು. ನೋಟ್‌ಬುಕ್ ಇಲ್ಲದಿದ್ದರೆ ಇದಕ್ಕೆ ಏನಾದರೊಂದು ಚೆಂದದ ವಿವರಣೆ ಹೊಸೆಯುವುದು ಕಷ್ಟವಿರಲಿಲ್ಲ: ಮೇವಿನ ಪುಟ್ಟ ತೇಪೆಯೊಳಗೇ ಹುಡುಕಾಡುತ್ತಿದೆ, ಮಂದೆಯ ಅಂಚಿನಿಂದ ಒಳಕ್ಕೆ ಮರಳುತ್ತಿದೆ, ಇತ್ಯಾದಿ.

ಇಂಥ ಚೆಂದದ ವಿವರಣೆಗೆ ಈ ಶಾಸ್ತ್ರದಲ್ಲಿ ಒಂದು ಪ್ರಸಿದ್ಧ ಉದಾಹರಣೆಯೇ ಇದೆ. 1996ರಲ್ಲಿ ಗಾಂಧಿ ವಿಶ್ವನಾಥನ್ ಎಂಬ ಭೌತವಿಜ್ಞಾನಿಯೂ ಸಂಗಡಿಗರೂ ಆಲ್ಬಟ್ರಾಸ್ ಎಂಬ ದೊಡ್ಡ ಕಡಲಹಕ್ಕಿಯ ಹಾರಾಟವನ್ನು ವಿಶ್ಲೇಷಿಸಿ, ಅದು ಲೆವಿ ಹಾರಾಟ ಎಂಬ ಗಣಿತದ ನಿಯಮವನ್ನು ಅನುಸರಿಸುತ್ತದೆ ಎಂದರು. ಎಂದರೆ, ಹೆಚ್ಚಿನವು ಗಿಡ್ಡ ಹಾರಾಟಗಳು, ಆದರೆ ಅಪರೂಪಕ್ಕೊಮ್ಮೆ ಲೆಕ್ಕ ಮೀರಿದಷ್ಟು ಉದ್ದದ ಹಾರಾಟ. ವಿರಳವಾಗಿ ಚದುರಿದ ಆಹಾರವನ್ನು ಹುಡುಕಲು ಅದೇ ಒಳ್ಳೆಯ ತಂತ್ರವೆಂಬ ಸಿದ್ಧಾಂತ ಬೆಳೆಯಿತು, ಪ್ರಾಣಿ ಪ್ರಾಣಿಯಲ್ಲೂ ಲೆವಿಯನ್ನು ಹುಡುಕುವ ಕಾಲ ಬಂತು. ಆ ಅಂಕಿಗಳು ಬಂದಿದ್ದು ಹಕ್ಕಿಯ ಕಾಲಿಗೆ ಕಟ್ಟಿದ, ತಾನು ಒದ್ದೆಯಾಗಿದ್ದೇನೋ ಒಣಗಿದ್ದೇನೋ ಎಂಬುದನ್ನಷ್ಟೇ ದಾಖಲಿಸುವ ಉಪಕರಣದಿಂದ. ಒದ್ದೆಯಿದ್ದರೆ ಹಕ್ಕಿ ನೀರಿನ ಮೇಲಿದೆ, ಒಣಗಿದ್ದರೆ ಹಾರುತ್ತಿದೆ ಎಂಬುದು ಊಹೆ. 2007ರಲ್ಲಿ ಆಂಡ್ರ್ಯೂ ಎಡ್ವರ್ಡ್ಸ್ ಮತ್ತು ಜೊತೆಗಾರರು ಅದೇ ಅಂಕಿಗಳನ್ನು ಮತ್ತೆ ಕೆದಕಿದಾಗ, ಅತಿ ಉದ್ದದ ಹಾರಾಟಗಳೆಂದು ಎಣಿಸಿದ್ದವು ದಾಖಲೆಯ ಆರಂಭ ಮತ್ತು ಕೊನೆಯಲ್ಲಿ ಹಕ್ಕಿ ಗೂಡಿನಲ್ಲಿ ಕುಳಿತಿದ್ದ ಹೊತ್ತು ಎಂಬುದು ಹೊರಬಿತ್ತು. ಕುಳಿತ ಹಕ್ಕಿಯ ಕಾಲೂ ಒಣಗಿಯೇ ಇರುತ್ತದೆ. ಬೇರೆ ಪ್ರಾಣಿಗಳಲ್ಲಿ ಲೆವಿ ಇದೆಯೇ ಎಂಬ ವಾದ ಆಮೇಲೂ ಮುಂದುವರಿಯಿತು, ಅದರ ಜಗಳಕ್ಕೆ ನಾನು ಹೋಗುವುದಿಲ್ಲ. ಆದರೆ ಮೂಲದ ಹಕ್ಕಿಯನ್ನೇ ಪುನಃ ಪರೀಕ್ಷಿಸಿ ಬರೆದುಕೊಂಡ ಆ ಎರಡನೆಯ ಪ್ರಬಂಧದ ಲೇಖಕರ ಸಾಲಿನಲ್ಲಿ ವಿಶ್ವನಾಥನ್ ಅವರ ಹೆಸರೂ ಇದೆ ಎಂಬುದನ್ನು ಹೇಳದೆ ಬಿಟ್ಟರೆ ಅನ್ಯಾಯವಾದೀತು.

ಮುಂದಿನ ಹಂತ, ಚುಕ್ಕೆಗಳ ಸಾಲನ್ನು ನೋಡಿ ಕುರಿ ಯಾವಾಗ ಮಲಗಿತ್ತು, ಯಾವಾಗ ಮೇಯುತ್ತಿತ್ತು, ಯಾವಾಗ ಬರಿದೇ ನಡೆಯುತ್ತಿತ್ತು ಎಂದು ಬಿಡಿಸುವುದು. ಇದಕ್ಕೆ ಬಳಸುವುದು ಹಿಡನ್ ಮಾರ್ಕೋವ್ ಮಾದರಿ. ಅಡುಗೆಮನೆಯೊಳಗೆ ಹೋಗದೆ, ಬರುವ ಸದ್ದನ್ನು ಮಾತ್ರ ಕೇಳಿ, ಈಗ ಹೆಚ್ಚುತ್ತಿದ್ದಾರೆ, ಈಗ ರುಬ್ಬುತ್ತಿದ್ದಾರೆ, ಈಗ ಒಗ್ಗರಣೆ ಹಾಕಿದರು ಎಂದು ನಡುಮನೆಯಲ್ಲಿ ಕುಳಿತು ಹೇಳುವಂಥದ್ದು ಅದು. ಕಣ್ಣಿಗೆ ಕಾಣದ ಸ್ಥಿತಿಗಳು ಮೂರು. ನಮಗೆ ಸಿಗುವುದು ದೂರ ಮತ್ತು ಕೋನ. ಗಿಡ್ಡ ದೂರ, ಎತ್ತೆತ್ತಲೋ ತಿರುಗುವ ಕೋನ ಇದ್ದರೆ ಮೇಯುವಿಕೆ; ಉದ್ದ ದೂರ, ನೇರ ಕೋನ ಇದ್ದರೆ ನಡಿಗೆ. ಯಾವ ಅಳತೆ ಎಷ್ಟು ಸಲ ಬರುತ್ತದೆ ಎಂಬುದನ್ನು ಹೇಳುವ ಗಣಿತದ ರೂಪಗಳಾದ ಗಾಮಾ ವಿತರಣೆಯನ್ನು ದೂರಗಳಿಗೂ ವಾನ್ ಮೀಸಸ್ ವಿತರಣೆಯನ್ನು ಕೋನಗಳಿಗೂ ಹೊಂದಿಸುತ್ತಾರೆ. ಒಂದು ಸ್ಥಿತಿಯಿಂದ ಇನ್ನೊಂದಕ್ಕೆ ಹೋಗುವ ಸಂಭಾವ್ಯತೆಗಳನ್ನು ಅಂದಾಜು ಮಾಡಿದ ಮೇಲೆ, ದೂರಸಂಪರ್ಕದಲ್ಲಿ ಗದ್ದಲದ ನಡುವಿನ ಸಂಕೇತವನ್ನು ಓದಲೆಂದು 1967ರಲ್ಲಿ ಆಂಡ್ರ್ಯೂ ವಿಟರ್ಬಿ ರೂಪಿಸಿದ ಕ್ರಮವನ್ನು ಬಳಸಿ ಇಡೀ ದಿನದ ಸ್ಥಿತಿಗಳ ಸರಣಿಯನ್ನು ಹೊರತೆಗೆಯಬಹುದು.

ಆರ್ ಎಂಬ ಸಾಫ್ಟ್‌ವೇರಿನಲ್ಲಿ ಇದಕ್ಕೆ ಸಿದ್ಧ ಪ್ಯಾಕೇಜುಗಳಿವೆ, ಉತ್ತರ ನಿಮಿಷಗಳಲ್ಲಿ ಬರುತ್ತದೆ. ಆ ಉತ್ತರವನ್ನು ನನ್ನ ನೋಟ್‌ಬುಕ್ಕಿನ ಎದುರು ಇಟ್ಟಾಗ ನಡಿಗೆ ಚೆನ್ನಾಗಿ ಹೊಂದಿಕೊಂಡಿತು. ಮಲಗುವುದೂ ಮೇಯುವುದೂ ಒಂದರೊಳಗೊಂದು ಬೆರೆತುಹೋಗಿದ್ದವು. ಭತ್ತದ ಕೊಯ್ಲಾದ ಗದ್ದೆಯಲ್ಲಿ ಕೂಳೆಯ ನಡುವೆ ಚಿಗುರು ದಟ್ಟವಾಗಿದ್ದಾಗ ಕುರಿ ಐದು ನಿಮಿಷದಲ್ಲಿ ನಾಲ್ಕು ಹೆಜ್ಜೆಯನ್ನೂ ಇಡುವುದಿಲ್ಲ. ತಲೆ ತಗ್ಗಿಸಿ ಒಂದು ಬುಡವನ್ನು ಮುಗಿಸಿ, ಮುಂಗಾಲನ್ನು ಒಂದಿಷ್ಟು ಸರಿಸಿ, ಪಕ್ಕದ ಬುಡಕ್ಕೆ ಬಾಯಿ ಹಾಕುತ್ತದೆ. ದೂರವನ್ನು ಮಾತ್ರ ನೋಡುವ ಮಾದರಿಗೆ ಆ ಕುರಿಯೂ ಒಂದೇ, ನೆರಳಿನಲ್ಲಿ ಬಿದ್ದುಕೊಂಡಿರುವ ಕುರಿಯೂ ಒಂದೇ. ಕುತ್ತಿಗೆಯ ಅಲುಗಾಟವನ್ನು ಅಳೆಯುವ ಆಕ್ಸಲರೋಮೀಟರ್ ಸೇರಿಸಿದರೆ ಇದು ಬಗೆಹರಿಯುತ್ತದೆ, ದೊಡ್ಡ ಸಂಶೋಧನೆಗಳಲ್ಲಿ ಹಾಗೆಯೇ ಮಾಡುತ್ತಾರೆ. ನಮ್ಮ ಪೆಟ್ಟಿಗೆಗಳಲ್ಲಿ ಅದಿರಲಿಲ್ಲವಾದ್ದರಿಂದ ಮೂರು ಸ್ಥಿತಿಗಳ ಬದಲು ಎರಡೇ ಸ್ಥಿತಿಗಳನ್ನು ಇಟ್ಟುಕೊಂಡೆವು. ಅಂಕಿಗಳು ಬಿಡಿಸಲಾರದ್ದನ್ನು ಬಿಡಿಸಿದಂತೆ ತೋರಿಸುವ ಮೂರು ಬಣ್ಣದ ನಕ್ಷೆಗಿಂತ ಎರಡು ಬಣ್ಣದ್ದೇ ಮೇಲು.

ಓಡಾಟದ ವ್ಯಾಪ್ತಿಯನ್ನು ಗುರುತಿಸುವಾಗ ಮಂಡ್ಯದ ನೆಲ ತನ್ನ ಪಾಠ ಹೇಳಿತು. ಅತಿ ಹೊರಗಿನ ಚುಕ್ಕೆಗಳನ್ನು ಸುತ್ತುವರಿದು ಗೆರೆ ಎಳೆಯುವುದು ಹಳೆಯ ವಿಧಾನ; ಹಾಗೆ ಎಳೆದಾಗ ಕುರಿಗಳು ಕಾಲಿಡದ ಕಬ್ಬಿನ ತೋಟಗಳೂ ಒಂದು ಕೆರೆಯ ಅರ್ಧ ನೀರೂ ಅವುಗಳ ಪಾಲಿಗೆ ಬಂದವು. ಚುಕ್ಕೆಗಳ ಸುತ್ತ ಸಾಂದ್ರತೆಯನ್ನು ಹರಡುವ ಕರ್ನೆಲ್ ವಿಧಾನ ಅದಕ್ಕಿಂತ ನಯವಾದದ್ದು, ಆದರೆ ಅದು ಹರಡುವಾಗ ನಡುವೆ ನಾಲೆ ಇದೆಯೆಂದು ನೋಡುವುದಿಲ್ಲ. ವಿಶ್ವೇಶ್ವರಯ್ಯ ನಾಲೆಯ ಕೊನೆ ಭಾಗದ ಈ ಊರುಗಳಿಗೆ ನೀರು ಬರುವುದು ಕಟ್ಟು ಪದ್ಧತಿಯಲ್ಲಿ: ಕೆಲವು ದಿನ ಬಿಡುತ್ತಾರೆ, ಕೆಲವು ದಿನ ನಿಲ್ಲಿಸುತ್ತಾರೆ. ನೀರು ಇರುವಾಗ ಮಂದೆ ಸೇತುವೆಯನ್ನು ಹುಡುಕಿಕೊಂಡು ಸುತ್ತಿ ಹೋಗಬೇಕು, ನೀರು ನಿಂತಾಗ ಅದೇ ನಾಲೆಯ ತಳದಲ್ಲಿ ಇಳಿದು ಹತ್ತುತ್ತದೆ, ತಳದಲ್ಲಿ ಬೆಳೆದ ಹುಲ್ಲನ್ನೂ ಮೇಯುತ್ತದೆ. ಒಂದೇ ನೆಲ, ಒಂದು ವಾರ ಗೋಡೆ, ಇನ್ನೊಂದು ವಾರ ಹುಲ್ಲುಗಾವಲು. ನೀರು ಬಿಟ್ಟ ದಿನ, ನಿಲ್ಲಿಸಿದ ದಿನಗಳ ಪಟ್ಟಿಯನ್ನು ಊರಿನ ರೈತರಿಂದ ಪಡೆದು ಎರಡು ಬೇರೆ ನಕ್ಷೆ ಮಾಡಿದ ಮೇಲೆಯೇ ವ್ಯಾಪ್ತಿಯ ಆಕಾರಕ್ಕೆ ಒಂದು ಅರ್ಥ ಬಂತು.

ಕೊನೆಗೆ ಉಳಿದದ್ದು ಎಲ್ಲಕ್ಕಿಂತ ಕುತೂಹಲದ ಭಾಗ: ಪ್ರಾಣಿ ಯಾವ ಬಗೆಯ ನೆಲವನ್ನು ಇಷ್ಟಪಡುತ್ತದೆ ಎಂದು ಕಂಡುಹಿಡಿಯುವುದು. ಕುರಿ ನಿಜವಾಗಿ ಇಟ್ಟ ಒಂದು ಹೆಜ್ಜೆಯ ಪಕ್ಕದಲ್ಲಿ, ಅದೇ ಜಾಗದಿಂದ ಅದು ಇಡಬಹುದಾಗಿದ್ದ ಹತ್ತಾರು ಕಲ್ಪಿತ ಹೆಜ್ಜೆಗಳನ್ನು ಇಡುತ್ತಾರೆ. ಕಲ್ಪಿತ ಹೆಜ್ಜೆಗಳು ಎಲ್ಲಿಗೆ ಹೋಗಿ ಮುಟ್ಟಿದವು, ನಿಜವಾದದ್ದು ಎಲ್ಲಿಗೆ ಮುಟ್ಟಿತು ಎಂಬುದನ್ನು ಹೋಲಿಸಿದರೆ ಆಯ್ಕೆಯ ಒಲವು ತಿಳಿಯುತ್ತದೆ. 2005ರಲ್ಲಿ ಡೇನಿಯಲ್ ಫೋರ್ಟಿನ್ ಮತ್ತು ಸಂಗಡಿಗರು ಅಮೆರಿಕದ ಯೆಲ್ಲೋಸ್ಟೋನ್ ಉದ್ಯಾನದ ಎಲ್ಕ್ ಜಿಂಕೆಗಳು ತೋಳಗಳ ಭಯದಲ್ಲಿ ಹೇಗೆ ದಾರಿ ಬದಲಿಸುತ್ತವೆ ಎಂಬುದನ್ನು ಈ ವಿಧಾನದಿಂದ ತೋರಿಸಿದ್ದರು. ನನ್ನ ಫಲಿತಾಂಶದಲ್ಲಿ ಎಲ್ಲಕ್ಕಿಂತ ಸ್ಪಷ್ಟವಾಗಿ ಬಂದದ್ದು, ಕುರಿಗಳು ಕಬ್ಬಿನ ತೋಟವನ್ನು ಬಲವಾಗಿ ದೂರವಿಡುತ್ತವೆ ಎಂಬುದು. ಕಾಗದದ ಮೇಲೆ ಇದು ಗಟ್ಟಿಯಾದ ಶೋಧ. ಅದನ್ನು ಯಜಮಾನರಿಗೆ ಹೇಳಿದೆ.

“ಕಬ್ಬಿನ ಸೋಗೆ ಕಂಡ್ರೆ ಕುರಿ ಬುಟ್ಟಾತೇನವ್ವ?” ಎಂದು ಅವರು ನಕ್ಕರು. “ಬುಡ್ದೇ ಇರೋನು ನಾನು. ಒಂದ್ ಕಿತ ಬಾಯಾಕಿದ್ರೆ ತೋಟದೋರ್ ತಾವ ಜಗಳ ಆಡೋರ್ ಯಾರು?”

ತೋಳದ ಭಯವಿಲ್ಲದ ಮಂದೆಯಲ್ಲಿ ಮಾದರಿ ಅಳೆದದ್ದು ಯಜಮಾನರಿಗೆ ತೋಟದವರ ಬಗ್ಗೆ ಇದ್ದ ಅಳುಕನ್ನು. ಕುರಿಯ ಹೆಜ್ಜೆಯೆಂದು ನಾವು ಬರೆದುಕೊಳ್ಳುವುದರಲ್ಲಿ ಕುರಿಯ ಹಸಿವೂ ಇದೆ, ಕೋಲಿನ ತುದಿಯೂ ಇದೆ. ಐದು ನಿಮಿಷಕ್ಕೊಮ್ಮೆ ಬೀಳುವ ಚುಕ್ಕೆಯಲ್ಲಿ ಎರಡೂ ಒಂದೇ ಆಗಿ ಕಾಣುತ್ತವೆ. ಭತ್ತ ಕೊಯ್ದಾದ ಮೇಲೆ ಗೊಬ್ಬರಕ್ಕೆಂದು ಗದ್ದೆಯವರು ರಾತ್ರಿ ಹೊತ್ತು ಮಂದೆಯನ್ನು ತಮ್ಮ ಗದ್ದೆಯಲ್ಲೇ ಕೂಡಿಸಿಕೊಳ್ಳುವ ರೂಢಿಯಿದೆ. ಅಂಥ ದಿನಗಳಲ್ಲಿ ಮಂದೆಯ ರಾತ್ರಿಯ ಠಿಕಾಣಿ ಏಕಾಏಕಿ ಒಂದು ಕಿಲೋಮೀಟರ್ ಆಚೆಗೆ ಹಾರುತ್ತದೆ. ಕಾರಣ ಮೇವಿನಲ್ಲೂ ಇಲ್ಲ, ನೀರಿನಲ್ಲೂ ಇಲ್ಲ, ಇಬ್ಬರು ಮನುಷ್ಯರ ಮಾತಿನಲ್ಲಿದೆ.

ಮಂದೆಯೊಳಗೆ ಯಾರು ಯಾರನ್ನು ಹಿಂಬಾಲಿಸುತ್ತಾರೆ ಎಂಬ ಪ್ರಶ್ನೆಗೂ ಐದು ನಿಮಿಷದ ಅಂತರ ನಿರುಪಯೋಗಿ. “ಎಲ್ಲಿಗ್ ಹೋಯ್ತೀವಿ ಅಂತ ಕುರಿಗೇನ್ ಗೊತ್ತವ್ವ, ಮುಂದ್ಲ ಆಡಿಗೆ ಗೊತ್ತು. ಕಟ್ಟೋದಾದ್ರೆ ಅದ್ಕೆ ಕಟ್ಟು ನಿನ್ ಪಟ್ಟೀಯ,” ಎಂದು ಯಜಮಾನರು ಮೊದಲ ದಿನವೇ ಹೇಳಿದ್ದರು. ಪಾರಿವಾಳಗಳ ಗುಂಪಿನಲ್ಲಿ ಒಂದು ಹಕ್ಕಿ ತಿರುಗಿದ ಮೇಲೆ ಇನ್ನೊಂದು ಎಷ್ಟು ತಡವಾಗಿ ತಿರುಗುತ್ತದೆ ಎಂಬುದನ್ನು ಸೆಕೆಂಡಿನ ಭಾಗಗಳಲ್ಲಿ ಅಳೆದು ಮುಂದಾಳುಗಳನ್ನು ಗುರುತಿಸಿದ ಅಧ್ಯಯನ 2010ರಲ್ಲಿ ಬಂದಿತ್ತು. ಅದೇ ಧಾಟಿಯಲ್ಲಿ ಕೆಲವು ಬೆಳಗುಗಳಲ್ಲಿ ಮಾತ್ರ ಸೆಕೆಂಡಿಗೊಮ್ಮೆ ಗುರುತು ಹಾಕುವಂತೆ ಪೆಟ್ಟಿಗೆಗಳನ್ನು ಹೊಂದಿಸಿ, ಒಂದನ್ನು ಆ ಆಡಿಗೆ ಕಟ್ಟಿದೆವು. ಏರಿಯ ಮೇಲಿನ ನಡಿಗೆಯಲ್ಲಿ ಆಡು ತಿರುಗಿದ ಬಳಿಕವೇ ಪಟ್ಟಿ ತೊಟ್ಟ ಕುರಿಗಳು ತಿರುಗುತ್ತಿದ್ದವು. ಬಯಲಿನಲ್ಲಿ ಮೇಯುವಾಗ ಹಾಗಿಲ್ಲ: ಕುರಿಗಳು ನಿಧಾನವಾಗಿ ಚದುರುತ್ತ ಹೋಗಿ, ಇದ್ದಕ್ಕಿದ್ದಂತೆ ಒಂದು ಓಡಿದ್ದೇ ತಡ ಎಲ್ಲವೂ ಒತ್ತಾಗಿ ಕೂಡಿಕೊಳ್ಳುತ್ತಿದ್ದವು. ಮೆರಿನೊ ಕುರಿಗಳಲ್ಲಿ ಇದೇ ಲಯವನ್ನು ಕಂಡು, ಮೇವಿಗಾಗಿ ದೂರವಾಗುವ ಒತ್ತಡ ಮತ್ತು ರಕ್ಷಣೆಗಾಗಿ ಹತ್ತಿರವಾಗುವ ಒತ್ತಡಗಳ ಜಗ್ಗಾಟವೆಂದು ಫ್ರಾನ್ಸೆಸ್ಕೊ ಜಿನೆಲ್ಲಿ ಮತ್ತು ಸಂಗಡಿಗರು 2015ರಲ್ಲಿ ಮಾದರಿ ಕಟ್ಟಿದ್ದರು.

ಹೀಗೆ ಒಂದಕ್ಕೊಂದು ಅಂಟಿಕೊಂಡು ನಡೆಯುವ ಪ್ರಾಣಿಗಳಿಗೆ ಎಷ್ಟು ಪಟ್ಟಿ ಕಟ್ಟಿದರೂ ಸಂಖ್ಯಾಶಾಸ್ತ್ರದ ದೃಷ್ಟಿಯಲ್ಲಿ ಅವು ಒಂದೇ ಮಂದೆಯ ಒಂದೇ ಸ್ಯಾಂಪಲ್. ಬಂಡೂರು ಕುರಿಗಳೆಲ್ಲ ಹೀಗೆ ನಡೆಯುತ್ತವೆ ಎಂದು ಬರೆಯಲು ಮಾರ್ಗದರ್ಶಕರು ಬಿಡಲಿಲ್ಲ. ಶೀರ್ಷಿಕೆಯಲ್ಲೇ ‘ಒಂದು ಮಂದೆ’ ಎಂದು ಸೇರಿಸಲು ಹೇಳಿದರು. ಅಂಕಿಗಳನ್ನು ಮುಂದೆ ಯಾರಾದರೂ ಬಳಸಿಕೊಳ್ಳಲಿ ಎಂದು ಅವುಗಳ ಜೊತೆಗೆ ಒಂದು ವಿವರಣಾ ಪಟ್ಟಿಯನ್ನು ಇರಿಸಿದ್ದೇವೆ: ಗುರುತು ಹಾಕಿದ ಅಂತರ, ಗಡಿಯಾರದ ಸಮಯ ವಲಯ, ತಾರಸಿಯಲ್ಲೂ ತೋಟದಲ್ಲೂ ಅಳೆದ ತಪ್ಪು, ಪಟ್ಟಿ ತೊಟ್ಟ ಪ್ರಾಣಿ ಕುರಿಯೋ ಆಡೋ. ಇವು ಎಲ್ಲರೂ ಬರೆಯುವ ಕಲಮುಗಳೇ. ಅವುಗಳ ಮುಂದೆ ಇನ್ನೆರಡು ಕಲಮು ಹಾಕಿದ್ದೇವೆ: ಆ ದಿನ ನಾಲೆಯಲ್ಲಿ ನೀರಿತ್ತೇ, ಮತ್ತು ಮಂದೆಯ ಹಿಂದೆ ಹೋದವರು ಯಜಮಾನರೋ ಅವರ ಮೊಮ್ಮಗನೋ. ಮೊಮ್ಮಗ ಕಾಯ್ದ ದಿನಗಳಲ್ಲಿ ಕಬ್ಬಿನ ತೋಟದ ಬದುವಿಗೆ ತೀರ ಹತ್ತಿರ ಬಿದ್ದ ಚು‌ಕ್ಕೆಗಳು ಬೇರೆ ದಿನಗಳಿಗಿಂತ ಹೆಚ್ಚಾಗಿವೆ.